ಫಲಿತಾಂಶದ ದಿನ: ವಿಶ್ವವಿದ್ಯಾಲಯದ ಜಾಲತಾಣಕ್ಕೆ ಎಷ್ಟು ಕ್ಲೌಡ್ ಬೇಕು?



ದತ್ತಿ ಉಪನ್ಯಾಸದ ವೇದಿಕೆಗೆ ಸಾಹಿತ್ಯದವರನ್ನೋ ಇತಿಹಾಸದವರನ್ನೋ ಕರೆಯುವುದು ವಾಡಿಕೆ. ಕಂಪ್ಯೂಟರ್ ಕೇಂದ್ರದಲ್ಲೇ ಕೂದಲು ನರೆಸಿಕೊಂಡ ನನ್ನನ್ನು ಕರೆದಿದ್ದೀರಿ, ದೊಡ್ಡ ಗೌರವ. ಯಾರ ಹೆಸರಿನಲ್ಲಿ ನಾವಿಂದು ಸೇರಿದ್ದೇವೋ ಆ ಮೇಷ್ಟ್ರು ಮೌಲ್ಯಮಾಪನ ಕುಲಸಚಿವರಾಗಿ ನಿವೃತ್ತರಾದವರು. ಹಾಗಾಗಿ ಫಲಿತಾಂಶದ ಸುತ್ತಲೇ ನನ್ನ ಮಾತು ಸುತ್ತಿದರೆ ಅವರ ಆತ್ಮಕ್ಕೆ ಬೇಸರವಾಗದು ಎಂಬ ಧೈರ್ಯ ನನಗಿದೆ.

ಕ್ಲೌಡ್ ಎಂದರೇನು ಎಂಬ ಪಾಠವನ್ನು ಬೇಗ ದಾಟುತ್ತೇನೆ. ಅಮೆರಿಕದ ನಿಸ್ಟ್ ಸಂಸ್ಥೆ 2011ರಲ್ಲಿ ಕೊಟ್ಟ ವ್ಯಾಖ್ಯೆ ನಿಮ್ಮ ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ. ಅಮೆಜಾನ್ 2006ರಲ್ಲಿ ಎಸ್3 ಎಂಬ ಸಂಗ್ರಹವನ್ನೂ ಇಸಿ2 ಎಂಬ ಸರ್ವರುಗಳನ್ನೂ ಬಾಡಿಗೆಗೆ ಬಿಟ್ಟಿತು, 2016ರಲ್ಲಿ ಮುಂಬಯಿಯಲ್ಲೇ ಕೇಂದ್ರ ತೆರೆಯಿತು. ಭಾರತ ಸರ್ಕಾರಕ್ಕೆ ಮೇಘರಾಜ್ ಎಂಬ ತನ್ನದೇ ವ್ಯವಸ್ಥೆಯಿದೆ. ಉಳಿದದ್ದನ್ನು ಓದಿಕೊಳ್ಳಬಹುದು.

ನನ್ನ ತಕರಾರು ಬೇರೆ ಕಡೆಗಿದೆ. ಪರೀಕ್ಷೆಯ ಫಲಿತಾಂಶ ಬಿಟ್ಟ ಹತ್ತು ನಿಮಿಷದಲ್ಲಿ ಜಾಲತಾಣ ಕುಸಿಯುತ್ತದೆ. ಮರುದಿನ ಪತ್ರಿಕೆಯಲ್ಲಿ ಸುದ್ದಿ, ಅದರ ಮರುವಾರ ಸಿಂಡಿಕೇಟ್ ಸಭೆ. ಸಭೆಯಲ್ಲಿ ಯಾರಾದರೊಬ್ಬರು ಎದ್ದು, ಎಲ್ಲವನ್ನೂ ಕ್ಲೌಡಿಗೆ ಸಾಗಿಸೋಣ, ಜನ ಹೆಚ್ಚಾದಂತೆ ಸರ್ವರುಗಳೂ ತಾವಾಗಿಯೇ ಹೆಚ್ಚುತ್ತವೆ ಎನ್ನುತ್ತಾರೆ. ಆಟೋ ಸ್ಕೇಲಿಂಗ್ ಎಂಬ ಮಾತು ಕೇಳಿದ ಕೂಡಲೇ ಕಡತಕ್ಕೆ ಸಹಿ ಬೀಳುತ್ತದೆ. ಈ ವಾದವನ್ನು ನಾನು ಒಪ್ಪುವುದಿಲ್ಲ.

ಕುಸಿಯುವುದು ಏನು ಎಂದು ಮೊದಲು ನೋಡಬೇಕು. ವಿದ್ಯಾರ್ಥಿ ನೋಂದಣಿ ಸಂಖ್ಯೆ ಒತ್ತುತ್ತಾನೆ. ವೆಬ್ ಸರ್ವರ್ ಒಂದು ಪ್ರೋಗ್ರಾಂ ಓಡಿಸುತ್ತದೆ, ಅದು ಡೇಟಾಬೇಸಿಗೆ ಹೋಗಿ ಅಂಕಗಳನ್ನು ಹೆಕ್ಕಿ, ಕೂಡಿ, ಪುಟ ಕಟ್ಟಿ ತರುತ್ತದೆ. ಪುಟ ತಡವಾದರೆ ಹುಡುಗ ರಿಫ್ರೆಶ್ ಒತ್ತುತ್ತಾನೆ, ಇಡೀ ಕೆಲಸ ಮತ್ತೆ ಮೊದಲಿಂದ. ಮೈಎಸ್‌ಕ್ಯೂಎಲ್ ಡೇಟಾಬೇಸ್ ಮೂಲ ಹೊಂದಿಕೆಯಲ್ಲಿ ಒಮ್ಮೆಗೆ 151 ಸಂಪರ್ಕಗಳನ್ನು ಮಾತ್ರ ಒಪ್ಪುತ್ತದೆ, ಪೋಸ್ಟ್‌ಗ್ರೆಸ್ 100. ಈ ಮಿತಿಯನ್ನು ಏರಿಸಬಹುದು, ಆದರೆ ಮನಬಂದಷ್ಟಲ್ಲ. ಕ್ಲೌಡಿನಲ್ಲಿ ಹೆಚ್ಚುವುದು ವೆಬ್ ಸರ್ವರುಗಳು. ಒಂದೊಂದು ಹೊಸ ಸರ್ವರೂ ಅದೇ ಒಂದು ಡೇಟಾಬೇಸಿನ ಬಾಗಿಲು ತಟ್ಟುತ್ತದೆ. ಬಾಗಿಲು ಅಗಲವಾಗಲಿಲ್ಲ, ತಟ್ಟುವವರು ಹೆಚ್ಚಾದರು, ಅಷ್ಟೆ. ಜೊತೆಗೆ, ಹೊಸ ಸರ್ವರ್ ಎದ್ದು ಕೆಲಸಕ್ಕೆ ಸಜ್ಜಾಗಲು ನಿಮಿಷಗಳೇ ಹಿಡಿಯುತ್ತವೆ. ಫಲಿತಾಂಶದ ನೂಕುನುಗ್ಗಲು ಏರುವುದು ಸೆಕೆಂಡುಗಳಲ್ಲಿ.

ಡೇಟಾಬೇಸನ್ನೂ ದೊಡ್ಡದು ಮಾಡಿ ಎಂಬ ಉತ್ತರ ತಯಾರಾಗಿರುತ್ತದೆ. ಮಾಡಬಹುದು, ಹಣವಿದ್ದರೆ. ಆದರೆ ಯಾತಕ್ಕೆ? ಪ್ರಕಟವಾದ ಮೇಲೆ ಅಂಕ ಗಳಿಗೆಗೊಮ್ಮೆ ಬದಲಾಗುವುದಿಲ್ಲ. ಬದಲಾಗದ ಸಂಗತಿಯನ್ನು ಲಕ್ಷ ಸಲ ಮತ್ತೆ ಮತ್ತೆ ಲೆಕ್ಕ ಹಾಕುವುದು ಯಾವ ಜಾಣತನ? ಮೇಷ್ಟ್ರ ಕಾಲದಲ್ಲಿ ಏನಾಗುತ್ತಿತ್ತು? ಟೈಪಾದ ಹಾಳೆ ಕಾಲೇಜಿನ ನೋಟೀಸ್ ಬೋರ್ಡಿಗೆ ಬರುತ್ತಿತ್ತು. ಸಾವಿರ ಮಂದಿ ನೋಡಿದರೂ ಗುಮಾಸ್ತರು ಪ್ರತಿಯೊಬ್ಬರಿಗೂ ಲೆಡ್ಜರ್ ತೆರೆಯಬೇಕಿರಲಿಲ್ಲ. ನನ್ನ ಸಲಹೆಯೂ ಇಷ್ಟೇ. ಹಿಂದಿನ ರಾತ್ರಿಯೇ ಪ್ರತಿ ವಿದ್ಯಾರ್ಥಿಗೂ ಒಂದೊಂದು ಪುಟ್ಟ ಕಡತ ತಯಾರಿಸಿ. ನಾಲ್ಕು ಲಕ್ಷ ವಿದ್ಯಾರ್ಥಿಗಳು, ತಲಾ ನಾಲ್ಕು ಕಿಲೋಬೈಟ್ ಎಂದರೆ ಒಟ್ಟು 1.6 ಗಿಗಾಬೈಟ್; ಅಂಗಿಯ ಜೇಬಿನ ಪೆನ್‌ಡ್ರೈವಿಗೆ ಸಾಲುವಷ್ಟು. ಅದನ್ನು ಎಸ್3ನಂಥ ಸಂಗ್ರಹದಲ್ಲಿಟ್ಟು, ಮುಂದೆ ಒಂದು ಸಿಡಿಎನ್, ಅಂದರೆ ಹಲವು ಊರುಗಳಲ್ಲಿ ಪ್ರತಿ ಇಟ್ಟು ಹತ್ತಿರದಿಂದಲೇ ಪುಟ ಕೊಡುವ ಸರ್ವರುಗಳ ಜಾಲ, ನಿಲ್ಲಿಸಿ. ಪ್ರೋಗ್ರಾಂ ಓಡುವುದಿಲ್ಲ, ಡೇಟಾಬೇಸಿಗೆ ಯಾರೂ ಬರುವುದಿಲ್ಲ. ಕ್ಲೌಡ್ ನಿಜವಾಗಿ ಚೆನ್ನಾಗಿ ಮಾಡುವ ಕೆಲಸ ಇದು, ಅದೂ ಅಗ್ಗವಾಗಿ.

ಇದಕ್ಕೆ ಬಂದ ಆಕ್ಷೇಪಗಳಲ್ಲಿ ಒಂದು ಗಟ್ಟಿಯಾದದ್ದು. ನೋಂದಣಿ ಸಂಖ್ಯೆಯೇ ಕಡತದ ಹೆಸರಾದರೆ ಊರಿನವರೆಲ್ಲ ಹುಡುಗಿಯ ಅಂಕ ನೋಡುತ್ತಾರೆ ಎಂಬುದು. ಸರಿಯಾದ ಮಾತು. ಜನ್ಮದಿನಾಂಕ ಸೇರಿಸಿದರಾಯಿತು ಎಂಬ ಪರಿಹಾರ ಸಾಲದು. ಒಂದು ತರಗತಿಯವರ ಜನ್ಮದಿನಗಳು ಐದು ವರ್ಷಗಳೊಳಗೆ ಹರಡಿದ್ದರೆ ಊಹಿಸಬೇಕಾದದ್ದು ಬರೀ 1,826 ದಿನಾಂಕ, ಯಂತ್ರಕ್ಕೆ ಆಟ. ಇದೇ ಊಹೆ ಡೇಟಾಬೇಸಿನ ಪುಟದಲ್ಲೂ ನಡೆಯುತ್ತದೆ ಎಂಬುದನ್ನು ಮಾತ್ರ ಆಕ್ಷೇಪಿಸುವವರು ಮರೆಯುತ್ತಾರೆ. ಹಾಲ್ ಟಿಕೆಟಿನ ಮೇಲೆ ಹತ್ತಕ್ಷರದ ಗುಪ್ತ ಸಂಕೇತವೊಂದನ್ನು ಮುದ್ರಿಸಿ. ಅದೂ ನೋಂದಣಿ ಸಂಖ್ಯೆಯೂ ಕೂಡಿ ಕಡತದ ಹೆಸರಾಗಲಿ. ಹಾಲ್ ಟಿಕೆಟ್ ಕಳೆದುಕೊಂಡವನು ಕಾಲೇಜಿಗೆ ಹೋಗಿ ಪ್ರಾಂಶುಪಾಲರನ್ನು ಕೇಳಲಿ. ಮರುಮೌಲ್ಯಮಾಪನದಲ್ಲಿ ಅಂಕ ಬದಲಾದರೆ? ಆ ಒಂದು ಕಡತವನ್ನು ಹೊಸದಾಗಿ ಬರೆದು, ಸಿಡಿಎನ್‌ನಲ್ಲಿ ಉಳಿದ ಹಳೆಯ ಪ್ರತಿಯನ್ನು ಅಳಿಸಿದರೆ ಮುಗಿಯಿತು. ಇದನ್ನೊಂದು ದೊಡ್ಡ ತಾಂತ್ರಿಕ ಸವಾಲೆಂದು ಬಣ್ಣಿಸಿದ ವರದಿಗಳನ್ನು ಓದಿ ನಕ್ಕಿದ್ದೇನೆ.

ಇನ್ನೊಂದು ಗುಂಪಿದೆ, ನನ್ನ ಮಾತಿಗೆ ಅರ್ಧ ತಲೆದೂಗಿ, ಹಾಗಾದರೆ ಎಲ್ಲವೂ ನಮ್ಮ ಕಟ್ಟಡದಲ್ಲೇ ಇರಲಿ, ಸ್ವಂತ ಯಂತ್ರವೇ ಭದ್ರ ಎನ್ನುವವರದು. ಅವರು ಕ್ಯೋಟೋ ವಿಶ್ವವಿದ್ಯಾಲಯವನ್ನು ನೆನೆಯಬೇಕು. 2021ರ ಡಿಸೆಂಬರಿನಲ್ಲಿ ಅಲ್ಲಿನ ಸೂಪರ್ ಕಂಪ್ಯೂಟರಿನ ಬ್ಯಾಕಪ್ ಪ್ರೋಗ್ರಾಮಿನ ದೋಷದಿಂದಲೇ ಸುಮಾರು 77 ಟೆರಾಬೈಟ್ ಸಂಶೋಧನಾ ದತ್ತಾಂಶ ಅಳಿಸಿಹೋಯಿತು. ಕಾಯಬೇಕಾದ ಬ್ಯಾಕಪ್ಪೇ ನುಂಗಿತು. ಕ್ಲೌಡ್ ಪಕ್ಷದವರು ಹಿಗ್ಗಬೇಕಿಲ್ಲ. ಅದೇ ವರ್ಷದ ಮಾರ್ಚಿನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಎಂಬ ಕ್ಲೌಡ್ ಕಂಪನಿಯ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿತ್ತು. ಬೇರೆಡೆ ಪ್ರತಿ ಇಡದ ಗ್ರಾಹಕರು ದತ್ತಾಂಶ ಕಳೆದುಕೊಂಡರು. 2024ರ ಮೇ ತಿಂಗಳಿನದು ನಮಗೆ ಇನ್ನೂ ಹತ್ತಿರ. ಆಸ್ಟ್ರೇಲಿಯದ ಯೂನಿಸೂಪರ್ ಅಲ್ಲಿನ ವಿಶ್ವವಿದ್ಯಾಲಯಗಳ ನೌಕರರಿಗಾಗಿ ಹುಟ್ಟಿದ ಪಿಂಚಣಿ ನಿಧಿ. ಗೂಗಲ್ ಸಿಬ್ಬಂದಿ ಹೊಂದಿಕೆಯ ಒಂದು ಅಂಕಣವನ್ನು ಖಾಲಿ ಬಿಟ್ಟಿದ್ದರಿಂದ ಗೂಗಲ್‌ನಲ್ಲಿದ್ದ ಆ ನಿಧಿಯ ಖಾಸಗಿ ಕ್ಲೌಡ್ ಅವಧಿ ತೀರಿತೆಂದು ತಾನಾಗಿ ಅಳಿಯಿತು. ಸೇವೆ ಒಂದು ವಾರಕ್ಕೂ ಹೆಚ್ಚು ನಿಂತಿತು. ಪ್ರತ್ಯೇಕವಾಗಿ ಇಟ್ಟಿದ್ದ ಬ್ಯಾಕಪ್ಪುಗಳು ಉಳಿದಿದ್ದರಿಂದ ನಿಧಿ ಚೇತರಿಸಿಕೊಂಡಿತು. ಹೀಗಾಗಿ ಕಟ್ಟಡ ಯಾರದು ಎಂಬ ಜಗಳ ನನಗೆ ಮುಖ್ಯವಲ್ಲ. ಇನ್ನೊಂದು ಪ್ರತಿ ಬೇರೆ ಊರಲ್ಲಿ, ಬೇರೆ ಖಾತೆಯಲ್ಲಿ, ಬೇರೆ ಕೈಯಲ್ಲಿ ಇದೆಯೇ ಎಂದು ಕೇಳುತ್ತೇನೆ. ಉತ್ತರವಾಗಿ ಸಿಗುವುದು ಹೆಚ್ಚಾಗಿ ಮೌನ.

ಪುಕ್ಕಟೆಯ ಬಗ್ಗೆಯೂ ಒಂದು ಮಾತು. ಗೂಗಲ್ ವಿದ್ಯಾಸಂಸ್ಥೆಗಳಿಗೆ ಮಿತಿಯಿಲ್ಲದ ಸಂಗ್ರಹ ಕೊಟ್ಟು, 2021ರಲ್ಲಿ ಮನಸ್ಸು ಬದಲಿಸಿ, ಸಂಸ್ಥೆಯೊಂದಕ್ಕೆ ಒಟ್ಟು 100 ಟೆರಾಬೈಟ್ ಎಂದು ಗೆರೆ ಎಳೆಯಿತು. ವ್ಯಾಪಾರಿ ಬೆಲೆ ಬದಲಿಸುವುದು ತಪ್ಪಲ್ಲ. ಹೊರಡುವ ದಾರಿ ಇಟ್ಟುಕೊಳ್ಳದೆ ಒಳಹೋದದ್ದು ನಮ್ಮ ತಪ್ಪು. ಯುರೋಪಿನ ದತ್ತಾಂಶ ಕಾಯ್ದೆಯ ಒತ್ತಡವೂ ಸೇರಿ 2024ರಲ್ಲಿ ಗೂಗಲ್, ಅಮೆಜಾನ್, ಮೈಕ್ರೋಸಾಫ್ಟ್ ಮೂರೂ ಬಿಟ್ಟುಹೋಗುವ ಗ್ರಾಹಕರಿಗೆ ದತ್ತಾಂಶ ಹೊರಸಾಗಣೆಯ ಶುಲ್ಕ ಮನ್ನಾ ಮಾಡಿದವು. ಇದನ್ನು ಬಲ್ಲ ಹಣಕಾಸು ಅಧಿಕಾರಿಗಳು ವಿರಳ.

ಹಣಕಾಸು ಅಧಿಕಾರಿಗಳ ಕಷ್ಟ ನನಗೆ ಗೊತ್ತು. ನಮ್ಮಲ್ಲಿ ಖರೀದಿ ನಡೆಯುವುದು ಸಾರ್ವಜನಿಕ ಖರೀದಿಗಾಗಿ ಇರುವ ಕರ್ನಾಟಕದ 1999ರ ಪಾರದರ್ಶಕತೆ ಕಾಯ್ದೆಯಡಿ, ಟೆಂಡರಿನ ಮೂಲಕ. ಟೆಂಡರ್ ನಿಗದಿತ ಮೊತ್ತ ಕೇಳುತ್ತದೆ, ಕ್ಲೌಡ್ ಬಳಸಿದಷ್ಟು ಬಿಲ್ ಕಳಿಸುತ್ತದೆ. ಬಿಲ್ ತಿಂಗಳಿಂದ ತಿಂಗಳಿಗೆ ಏಕೆ ಬೇರೆ ಎಂದು ಲೆಕ್ಕಪರಿಶೋಧಕರು ಆಕ್ಷೇಪಣೆ ಬರೆಯುತ್ತಾರೆ. ಅದಕ್ಕೆ ಹೆದರಿ ಇಡೀ ವರ್ಷಕ್ಕೆ ಬೇಕಿಲ್ಲದ ದೊಡ್ಡ ಸರ್ವರುಗಳನ್ನು ನಿಗದಿತ ಬಾಡಿಗೆಗೆ ಹಿಡಿಯುವುದೇ ರೂಢಿಯಾಗಿದೆ. ಬಳಕೆಯ ಗರಿಷ್ಠ ಮಿತಿ ನಮೂದಿಸಿ, ದರಪಟ್ಟಿಯ ಆಧಾರದ ಮೇಲೆ ಟೆಂಡರ್ ಕರೆಯಿರಿ. ದತ್ತಾಂಶದ ಪೂರ್ಣ ಪ್ರತಿಯನ್ನು ಪ್ರತಿ ತಿಂಗಳೂ, ಯಾವ ತಂತ್ರಾಂಶದಲ್ಲೂ ತೆರೆಯಬಹುದಾದ ರೂಪದಲ್ಲಿ ನಮಗೆ ಒಪ್ಪಿಸಬೇಕೆಂಬ ಷರತ್ತು ಇರಲಿ. ಡೊಮೇನ್ ಹೆಸರಿನ ಪಾಸ್‌ವರ್ಡ್ ಗುತ್ತಿಗೆದಾರನ ಹುಡುಗನ ಇಮೇಲಿನಲ್ಲಿ ಇರಬಾರದು, ಕುಲಸಚಿವರ ಕಚೇರಿಯ ಸುಪರ್ದಿಗೆ ಬರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕೆಲಸವನ್ನು ಯಾರಿಗೆ ವಹಿಸಿದ್ದರೂ ವಿದ್ಯಾರ್ಥಿಯ ಮಾಹಿತಿಗೆ ಹೊಣೆ ವಿಶ್ವವಿದ್ಯಾಲಯದ್ದೇ. ಹಾಗಾಗಿ ಇವೆಲ್ಲ ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ಟೆಂಡರ್ ದಾಖಲೆಯೊಳಗೆ ಸೇರಬೇಕು. ನಂತರ ಸೇರಿಸಹೊರಟರೆ ಗುತ್ತಿಗೆದಾರ ಅದಕ್ಕೂ ಬೇರೆ ದರ ಹೇಳುತ್ತಾನೆ.