ತೂಕದ ಚೀಟಿ ಹೇಳದ ಮಾತು



ರೈಲು ನಿಲ್ದಾಣದಲ್ಲಿ ಬಣ್ಣದ ದೀಪಗಳ ತೂಕದ ಯಂತ್ರವನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ನಾಣ್ಯ ಹಾಕಿದರೆ ರಟ್ಟಿನ ಚೀಟಿ ಬೀಳುತ್ತಿತ್ತು. ಅದರಲ್ಲಿ ತೂಕವೂ ಇರುತ್ತಿತ್ತು, ಭವಿಷ್ಯವೂ ಇರುತ್ತಿತ್ತು. ಭವಿಷ್ಯವನ್ನು ನಾನು ನಂಬಲಿಲ್ಲ, ತೂಕವನ್ನು ನಂಬಿದೆ. ಅರವತ್ತು ಕೆ.ಜಿ. ದಾಟದ ಸಣಕಲ ಆಸಾಮಿ ನಾನು. ಕಳೆದ ವರ್ಷ ರಕ್ತದಲ್ಲಿ ಸಕ್ಕರೆ ಹೆಚ್ಚಿದೆಯೆಂದು ತಿಳಿದಾಗ, "ನನಗೆಲ್ಲಿಯ ಬೊಜ್ಜು, ಡಾಕ್ಟರೇ?" ಎಂದೆ. ಅವರು ಮಾತನಾಡದೆ ನನ್ನ ಸೊಂಟಕ್ಕೆ ಟೇಪು ಸುತ್ತಿದರು. 92 ಸೆಂಟಿಮೀಟರ್!

ತೂಕವೆಂದರೆ ಮೂಳೆ, ಮಾಂಸಖಂಡ, ನೀರು, ಕೊಬ್ಬು ಎಲ್ಲ ಸೇರಿದ ಮೊತ್ತ. ಅದರಲ್ಲಿ ಕೊಬ್ಬಿನ ಪಾಲು ನೂರಕ್ಕೆ ಎಷ್ಟು ಎಂಬುದನ್ನು ತಕ್ಕಡಿ ಹೇಳುವುದಿಲ್ಲ. 2004ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವೈದ್ಯರು ತಮ್ಮದೇ ಚಿತ್ರ ಪ್ರಕಟಿಸಿದರು. ಒಬ್ಬರು ಪುಣೆಯ ಯಾಜ್ಞಿಕ್, ಇನ್ನೊಬ್ಬರು ಬ್ರಿಟನ್ನಿನ ಯುಡ್ಕಿನ್. ಎತ್ತರಕ್ಕೂ ತೂಕಕ್ಕೂ ಇರುವ ಸಂಬಂಧವನ್ನು ತಿಳಿಸುವ ಬಿ.ಎಂ.ಐ. ಇಬ್ಬರಿಗೂ ಒಂದೇ: 22.3. ಆದರೆ ಕೊಬ್ಬು? ಯುಡ್ಕಿನ್ನರಿಗೆ ಶೇಕಡಾ 9.1, ನಮ್ಮ ಯಾಜ್ಞಿಕರಿಗೆ ಶೇಕಡಾ 21.2!

ದೇಹವನ್ನು ಕತ್ತರಿಸದೆ ಒಳಗಿನ ಕೊಬ್ಬನ್ನು ಅಳೆಯುವುದು ಹೇಗೆ? ಇಲ್ಲಿ ನೆರವಿಗೆ ಬರುವವನು ನಿಮ್ಮ ಹಳೆಯ ಪರಿಚಯದ ಆರ್ಕಿಮಿಡೀಸ್. ಕೊಬ್ಬಿನ ಸಾಂದ್ರತೆ ಸುಮಾರು 0.9, ದೇಹದ ಉಳಿದ ಭಾಗದ್ದು ಸುಮಾರು 1.1. ವ್ಯಕ್ತಿಯನ್ನು ನೀರಿನಲ್ಲಿ ಮುಳುಗಿಸಿ ತೂಗಿದರೆ ದೇಹದ ಗಾತ್ರ ತಿಳಿಯುತ್ತದೆ. ಶ್ವಾಸಕೋಶದಲ್ಲಿ ಉಳಿಯುವ ಗಾಳಿಯ ಲೆಕ್ಕವನ್ನು ಕಳೆಯಬೇಕು, ಅಷ್ಟೆ. ತೂಕವನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ ಸಿಕ್ಕಿತು. ಮುಂದಿನದು ವಿಲಿಯಂ ಸಿರಿ ಅವರ ಸೂತ್ರ: 495ನ್ನು ಸಾಂದ್ರತೆಯಿಂದ ಭಾಗಿಸಿ, 450 ಕಳೆಯಿರಿ.

ಪೆನ್ಸಿಲ್ ಹಿಡಿದು ಪರೀಕ್ಷಿಸಿ. ಸಾಂದ್ರತೆ 1.1 ಆದರೆ ಉತ್ತರ ಸೊನ್ನೆ, 0.9 ಆದರೆ ನೂರು. 60 ಕೆ.ಜಿ. ತೂಕದವನ ಗಾತ್ರ 57 ಲೀಟರ್ ಎನ್ನಿ. ಉತ್ತರ ಸುಮಾರು 20. ಅಂದರೆ ಅವನಲ್ಲಿರುವುದು 12 ಕೆ.ಜಿ. ಕೊಬ್ಬು.

ಇಂದು ಜಿಮ್‌ಗಳಲ್ಲಿರುವ ಯಂತ್ರಗಳು ದೇಹದೊಳಗೆ ಅತಿ ಸಣ್ಣ ವಿದ್ಯುತ್ ಹರಿಸುತ್ತವೆ. ನೀರಿನಂಶ ಹೆಚ್ಚಿರುವ ಮಾಂಸಖಂಡದಲ್ಲಿ ಅದು ಸರಾಗ; ಕೊಬ್ಬಿನಲ್ಲಿ ತಡೆ ಹೆಚ್ಚು. ಬೆವರಿ ಬಂದಾಗ ಒಂದು ಅಂಕಿ, ನೀರು ಕುಡಿದ ಮೇಲೆ ಇನ್ನೊಂದು ಅಂಕಿ ಬರಬಹುದು. ಆದ್ದರಿಂದ ಅದು ಅಂದಾಜು ಮಾತ್ರ; ತೀರ್ಪಲ್ಲ.

ಹಾಗೆಂದು ಕೊಬ್ಬು ಶತ್ರುವಲ್ಲ. ಮೆದುಳಿಗೆ, ನರಗಳಿಗೆ, ಹಾರ್ಮೋನುಗಳಿಗೆ ಅದು ಬೇಕೇ ಬೇಕು. ಹೆಣ್ಣುಮಕ್ಕಳಿಗೆ ಗಂಡಸರಿಗಿಂತ ಹೆಚ್ಚು ಕೊಬ್ಬಿರುವುದು ಪ್ರಕೃತಿಯ ನಿಯಮ. ತೆಳ್ಳಗಾಗಬೇಕೆಂದು ಊಟ ಬಿಡುವ ಹುಡುಗಿಯರಲ್ಲಿ ಮುಟ್ಟು ನಿಲ್ಲಬಹುದು, ಮೂಳೆ ಸವೆಯಬಹುದು. ಊಟ ಬಿಟ್ಟಾಗ ಕರಗುವುದು ಕೊಬ್ಬೊಂದೇ ಅಲ್ಲ, ಮಾಂಸಖಂಡವೂ ಕರಗುತ್ತದೆ. ಆಗ ತಕ್ಕಡಿ ಶಹಭಾಸ್ ಎನ್ನುತ್ತದೆ, ದೇಹ ಸೊರಗಿರುತ್ತದೆ.

ಮನೆಯಲ್ಲಿ ದರ್ಜಿಯ ಟೇಪು ಇದ್ದರೆ ಇಂದೇ ಅಪ್ಪ ಅಮ್ಮನ ಸೊಂಟದ ಸುತ್ತಳತೆ ನೋಡಿ. ಭಾರತೀಯ ವಯಸ್ಕರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಎಚ್ಚರಿಕೆಯ ಗೆರೆ. ಬೆಳೆಯುತ್ತಿರುವ ನಿಮಗೆ ಈ ಗೆರೆ ಅನ್ವಯಿಸದು; ನಿಮಗೆ ಬೇಕಾದದ್ದು ಹೊತ್ತಿಗೆ ಸರಿಯಾಗಿ ಊಟ ಮತ್ತು ಸಂಜೆಯ ಆಟ.

ನಾನೀಗ ದಿನವೂ ನಡೆಯುತ್ತೇನೆ. ತೂಕ ಹೆಚ್ಚು ಇಳಿದಿಲ್ಲ. ಬೆಲ್ಟಿನಲ್ಲಿ ಮಾತ್ರ ಒಂದು ತೂತು ಹಿಂದೆ ಸರಿದಿದೆ. ಯಾವ ಚೀಟಿಯೂ ಹೇಳದ ಭವಿಷ್ಯವನ್ನು ಆ ತೂತು ಹೇಳುತ್ತಿದೆ.