ಜಿಲ್ಲೆಯ ನಕ್ಷೆಯಲ್ಲಿ ನಮ್ಮ ಕೇರಿ ಎಲ್ಲಿದೆ?

(ವಿದ್ಯಾರ್ಥಿ ಶಿಬಿರವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ಈಗ ತಾನೇ ಉಂಡು ಬಂದು ಕೂತಿದ್ದೀವಿ. ತಟ್ಟೆಯಲ್ಲಿ ಅನ್ನ, ನೀರು ಸಾರು. ಈ ಅಕ್ಕಿ ಯಾವ ಊರಲ್ಲಿ ಬೆಳೆದದ್ದು? ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ನಮ್ಮ ಅವ್ವಂದಿರು ಬಿಸಿಲಲ್ಲಿ ಕಳೆ ಕಿತ್ತ ರಾಗಿ, ಹುರುಳಿ, ಅವರೆ ಈ ತಟ್ಟೆಗೆ ಯಾಕೆ ಬರಲಿಲ್ಲ? ಅಡುಗೆಯವರ ತಪ್ಪಲ್ಲ ಇದು. ಯಾವ ನೆಲದಲ್ಲಿ ಏನು ಬೆಳೀಬೇಕು, ಯಾವುದು ಲೇಔಟ್ ಆಗಬೇಕು, ಯಾವುದು ಕಾರ್ಖಾನೆಗೆ ಹೋಗಬೇಕು ಅಂತ ತೀರ್ಮಾನಿಸುವ ಜಾಗದಲ್ಲಿ ನಾವಿಲ್ಲ. ಇವತ್ತಿನ ಮಾತು ಆ ಜಾಗದ ಬಗ್ಗೆ.

ಮೊದಲು ನೆಲದ ಲೆಕ್ಕ. 1974ರ ಭೂಸುಧಾರಣೆ 'ಉಳುವವನೇ ಹೊಲದೊಡೆಯ' ಅಂದಿತು. ಗೇಣಿದಾರರಿಗೆ ಭೂಮಿ ಬಂತು, ಸಣ್ಣ ಮಾತಲ್ಲ. ಆದರೆ ಕಾನೂನಿನ ಕಣ್ಣಿಗೆ ಉಳುವವನು ಅಂದರೆ ಗೇಣಿ ಕೊಡುವವನು. ಕೂಲಿಗೆ, ಜೀತಕ್ಕೆ ನೇಗಿಲು ಹಿಡಿದ ನಮ್ಮ ತಾತಂದಿರಲ್ಲಿ ಬಹುಪಾಲು ಜನರ ಹೆಸರು ಯಾವ ಗೇಣಿ ಪಟ್ಟಿಯಲ್ಲೂ ಇರಲಿಲ್ಲ. ಸಿಕ್ಕವರಿಗೆ ಸಿಕ್ಕಿದ್ದು ಊರಾಚೆಯ ಬಂಜರು, ಕಲ್ಲುಗುಡ್ಡೆ. ಅದನ್ನೂ ಮದುವೆ, ಕಾಯಿಲೆ, ಬರಗಾಲದ ಹೊತ್ತು ನೋಡಿ ಬಿಡಿಗಾಸಿಗೆ ಬರೆಸಿಕೊಂಡರು. ಅದನ್ನು ವಾಪಸ್ ಕೊಡಿಸಲು 1978ರ ಪಿ.ಟಿ.ಸಿ.ಎಲ್. ಕಾಯ್ದೆ ಬಂತು. ತಡವಾಗಿ ಬಂದಿರಿ ಅಂತ ಕೋರ್ಟುಗಳಲ್ಲಿ ಅರ್ಜಿಗಳು ಬಿದ್ದುಹೋದವು. ಒತ್ತಾಯ ಮಾಡಿ ಮಾಡಿ 2023ರಲ್ಲಿ ತಿದ್ದುಪಡಿ ಆಯಿತು. ಅಷ್ಟರಲ್ಲಿ 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ಕಿತ್ತು, ಬೇಸಾಯ ಕಾಣದ ಹಣವಂತರಿಗೂ ಹೊಲ ಕೊಳ್ಳಲು ಬಾಗಿಲು ತೆಗೆದಿದ್ದರು.

ಗೋಮಾಳದ ಕತೆಯೂ ಅಷ್ಟೆ. ಪ್ರತಿ 100 ದನಕ್ಕೆ 30 ಎಕರೆ ಬಿಡಬೇಕೆಂದು ಭೂಕಂದಾಯ ನಿಯಮ ಹೇಳುತ್ತೆ. ಹೊಲ ಇಲ್ಲದವರ ಆಡು, ಹಸು ಬದುಕೋದು ಅದರಲ್ಲಿ. ಒತ್ತುವರಿ ಆದರೆ ಮೊದಲು ಬತ್ತೋದು ನಮ್ಮ ಹಟ್ಟಿಯ ಹಾಲು.

ಇದನ್ನೆಲ್ಲ ಒಟ್ಟಿಗೆ ನೋಡಲು ಒಂದು ಜಾಗವನ್ನು ಸಂವಿಧಾನವೇ ಮಾಡಿಟ್ಟಿದೆ. 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿಯ 243 ಝಡ್‌ಡಿ ವಿಧಿ ಓದಿ. ಪ್ರತಿ ಜಿಲ್ಲೆಗೂ ಯೋಜನಾ ಸಮಿತಿ ಬೇಕು. ಹಳ್ಳಿ, ಪಟ್ಟಣಗಳ ಯೋಜನೆಗಳನ್ನು ಕೂಡಿಸಿ, ನೆಲ ನೀರುಗಳ ಹಂಚಿಕೆ ನೋಡಿ ಕರಡು ಬರೀಬೇಕು. ಸಮಿತಿಯ ಐದರಲ್ಲಿ ನಾಲ್ಕು ಪಾಲು ಸದಸ್ಯರು ಚುನಾಯಿತರೇ ಇರಬೇಕು. ಆದರೆ ನಮ್ಮ ರಾಜ್ಯದಲ್ಲಿ 2016ರಲ್ಲಿ ಆಯ್ಕೆಯಾದ ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಚುನಾಯಿತರೇ ಇಲ್ಲದ ಸಮಿತಿಯಲ್ಲಿ ಕೇರಿಯ ಮಾತು ಯಾರು ಆಡ್ತಾರೆ?

ಹಾಗಾದರೆ ಎಲ್ಲ ಊರಿಗೇ ಬಿಟ್ಟರೆ ಸರಿಹೋಗುತ್ತಾ? 'ನಮ್ಮೂರ ಬೆಳೆ, ನಮ್ಮೂರ ಊಟ' ಅಂತಾರೆ. ಕೇಳೋಕೆ ಚೆಂದ. ದಲಿತ ಹೆಂಗಸು ಬೇಯಿಸಿದ ಬಿಸಿಯೂಟ ಬೇಡ ಅಂತ ಮಕ್ಕಳನ್ನು ಎಳಕೊಂಡು ಹೋದದ್ದೂ ಇಂಥ ಊರುಗಳೇ. ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನು ಹೊಗಳುವವರಿಗೆ ಎಚ್ಚರ ಹೇಳಿದ್ದು ಇದಕ್ಕೇ. 1947ರಲ್ಲೇ ಅವರು ಭೂಮಿ ಸರ್ಕಾರದ್ದಾಗಲಿ, ಜಾತಿ ನೋಡದೆ ಉಳಲು ಹಂಚಲಿ ಎಂದು ಕೇಳಿದ್ದರು. ನೆಲ ಯಾರದು ಅನ್ನೋದನ್ನು ಬಿಟ್ಟು ಊಟದ ಯೋಜನೆ ಬರೆದರೆ ಅದು ಯಜಮಾನರ ಯೋಜನೆ.

ದಾರಿ ಇಲ್ಲವೆ? ಇದೆ. ಬೀದರ್ ಗಡಿ ದಾಟಿದರೆ ತೆಲಂಗಾಣದ ಜಹೀರಾಬಾದ್. ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಜೊತೆ ಸಂಘ ಕಟ್ಟಿದವರಲ್ಲಿ ಹೆಚ್ಚಿನವರು ದಲಿತ ಹೆಂಗಸರು. ಅವರ ತುಂಡು ಹೊಲಗಳು ಬೀಳು ಬಿದ್ದಿದ್ದವು, ರೇಷನ್ ಅಂಗಡಿಗೆ ಮಾತ್ರ ಹೊರಗಿನ ಅಕ್ಕಿ ಬರುತ್ತಿತ್ತು. 1990ರ ದಶಕದ ನಡುವಿನಲ್ಲಿ ಸಂಘಗಳ ಮೂಲಕ ಸಾಲ ಪಡೆದು ಬೀಳು ಉತ್ತರು. ಸಾಲ ತೀರಿಸಿದ್ದು ದುಡ್ಡಿನಲ್ಲಲ್ಲ, ಜೋಳದಲ್ಲಿ. ಆ ಜೋಳವನ್ನು ಊರಲ್ಲೇ ಕೂಡಿಟ್ಟು ಕಡುಬಡವರಿಗೆ ಅಗ್ಗಕ್ಕೆ ಕೊಟ್ಟರು. ಕಡುಬಡವರು ಯಾರು ಅಂತ ಆಫೀಸಿನವರು ಹೇಳಲಿಲ್ಲ. ನೆಲದ ಮೇಲೆ ಊರಿನ ನಕ್ಷೆ ಬರೆದು, ಮನೆ ಮನೆ ಗುರುತಿಸಿ, ಊರವರೇ ಹೇಳಿದರು. ಓದು ಬಾರದ ಕೈಗಳು ಬರೆದ ಯೋಜನೆ ಅದು. ನಾವು ಓದಿದವರು, ಏನು ಬರೆದಿದ್ದೀವಿ?

ಈ ರಜೆಯಲ್ಲಿ ಊರಿಗೆ ಹೋದಾಗ ಮೂರು ಕೆಲಸ ಮಾಡೋಣ. ಒಂದು, ಕೇರಿಯವರ ಜಮೀನಿನ ಪಹಣಿ ತೆಗೆಸಿ, ಮಂಜೂರಾದದ್ದು ಯಾರ ಕೈಯಲ್ಲಿದೆ ಅಂತ ಬರೆದುಕೊಳ್ಳೋಣ. ಎರಡು, ಗೋಮಾಳದ ಸರ್ವೆ ನಂಬರ್ ಹಿಡಿದು ಕಾಲ್ನಡಿಗೆಯಲ್ಲಿ ಸುತ್ತಿ ಬರೋಣ. ಮೂರು, ಅವ್ವಂದಿರನ್ನು ಕರಕೊಂಡು ಗ್ರಾಮಸಭೆಗೆ ಹೋಗಿ ಇವೆರಡನ್ನೂ ನಡಾವಳಿ ಪುಸ್ತಕದಲ್ಲಿ ಬರೆಸೋಣ. ಗದರಿಸ್ತಾರೆ. ಒಬ್ಬೊಬ್ಬರೇ ಹೋಗಬೇಡಿ.

ಮುಂದಿನ ಶಿಬಿರಕ್ಕೆ ಬರುವಾಗ ಪ್ರತಿಯೊಬ್ಬರ ಕೈಯಲ್ಲೂ ತಮ್ಮೂರಿನ ಒಂದು ನಕ್ಷೆ ಇರಲಿ. ಅದರಲ್ಲಿ ಮೊದಲು ಕೇರಿ ಬರೆಯೋಣ, ಆಮೇಲೆ ಊರು.

ಜೈ ಭೀಮ್.