ಕೊನೆಯ ಪದದ ನೆಂಟಸ್ತನ

ವಿದ್ವತ್ ಗ್ರಂಥಾಲಯವೊಂದರ ಲೇಖಕಸೂಚಿಯನ್ನು ತೆರೆದ ಮನುಷ್ಯ ತಾನು ಅರಸಿ ಬಂದ ವಿಷಯವನ್ನು ಕ್ಷಣಕಾಲ ಮರೆತು ತನ್ನ ಅಡ್ಡಹೆಸರಿನತ್ತ ಕಣ್ಣು ಹಾಯಿಸುವುದುಂಟು. ತಾನು ಏನನ್ನೂ ಪ್ರಕಟಿಸದವನಾದರೂ ಚಿಂತೆಯಿಲ್ಲ. ತನ್ನ ಮನೆತನದ ಹೆಸರು ಹೊತ್ತ ಯಾರಾದರೊಬ್ಬರು ಗಣಿತವನ್ನೋ ಸಸ್ಯಶಾಸ್ತ್ರವನ್ನೋ ಕುರಿತು ಬರೆದಿದ್ದರೆ ಅವನಿಗೊಂದು ಸಮಾಧಾನ. ಮದುವೆಮನೆಯಲ್ಲಿ ಅಪರಿಚಿತರನ್ನು ಕಂಡಾಗ 'ನೀವು ಯಾವ ಮನೆಯವರು?' ಎಂದು ವಿಚಾರಿಸುವ ನಾಲಗೆಯೇ ಸೂಚಿಯ ಮುಂದೆಯೂ ವಿಚಾರಿಸುತ್ತದೆ. ಈ ಕುತೂಹಲವನ್ನು ನಾನು ಹಳಿಯಲಾರೆ. ಆದರೆ ಸೂಚಿ ಕೊಡುವ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಮಾತ್ರ ಇಂದು ನಿಮ್ಮೊಡನೆ ಸ್ವಲ್ಪ ವಿಚಾರ ಮಾಡಬೇಕೆಂದಿದ್ದೇನೆ.

ಸೂಚಿಯ ನಿಯಮ ಬಹಳ ಸರಳ. ಹೆಸರಿನ ಕೊನೆಯ ಪದವನ್ನು ಮುಂದಕ್ಕೆ ತರುವುದು, ಒಂದು ಅಲ್ಪವಿರಾಮ ಹಾಕುವುದು, ಉಳಿದ ಪದಗಳನ್ನು ಒಂದೊಂದು ಅಕ್ಷರಕ್ಕೆ ಇಳಿಸುವುದು. ಯೂರೋಪಿನ ಬಹುಭಾಗದಲ್ಲಿ ಕೊನೆಯ ಪದ ವಂಶದ ಹೆಸರಾದ್ದರಿಂದ ಅಲ್ಲಿ ಇದು ನಡೆಯಿತು. ಅಮೆರಿಕದ ಫಿಲಡೆಲ್ಫಿಯದಲ್ಲಿ ಯೂಜೀನ್ ಗಾರ್ಫೀಲ್ಡ್ ಅವರು 1964ರಿಂದ ಹೊರತಂದ ಸೈನ್ಸ್ ಸೈಟೇಶನ್ ಇಂಡೆಕ್ಸ್ ಇದೇ ಕ್ರಮವನ್ನು ಅನುಸರಿಸಿತು. ಪ್ರಪಂಚದ ವಿಜ್ಞಾನಿಗಳೆಲ್ಲ ಒಂದು ಪದಕ್ಕೂ ಕೆಲವು ಅಕ್ಷರಗಳಿಗೂ ಇಳಿದರು. ನಮ್ಮ ಹೆಸರುಗಳ ಕಟ್ಟಾದರೋ ಬೇರೆ. ಹಳೆಯ ಮೈಸೂರಿನ ಕಡೆ ಊರು, ತಂದೆ, ಆಮೇಲೆ ತಾನು. ತೆಲುಗರಲ್ಲಿ ಮನೆತನದ ಹೆಸರು ಮೊದಲು. ಕರಾವಳಿಯಲ್ಲೂ ಉತ್ತರ ಕರ್ನಾಟಕದಲ್ಲೂ ಅದು ಸಾಮಾನ್ಯವಾಗಿ ಕೊನೆಗೆ. ಈ ಮೂರು ಬಗೆಯನ್ನೂ ಸೂಚಿ ಒಂದೇ ಕತ್ತರಿಯಿಂದ ಕತ್ತರಿಸುತ್ತದೆ.

ಪರಿಣಾಮವೇನಾಯಿತೆಂಬುದನ್ನು ತಿಳಿಯಲು ಬೆಂಗಳೂರಿಗೆ ಹತ್ತಿರವಾದ ಒಂದು ಕುಟುಂಬವನ್ನೇ ನೋಡೋಣ. ಚಂದ್ರಶೇಖರ ವೆಂಕಟ ರಾಮನ್ ಅವರಿಗೆ 1930ರಲ್ಲಿ ನೊಬೆಲ್ ಪಾರಿತೋಷಕ ಬಂತು. ಅವರ ಅಣ್ಣನ ಮಗ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರಿಗೆ 1983ರಲ್ಲಿ ಬಂತು. ರಾಮನ್ನರ ಮಗ ವಿ. ರಾಧಾಕೃಷ್ಣನ್ ರೇಡಿಯೋ ಖಗೋಳವಿಜ್ಞಾನಿ. ಬೆಳಕಿನ ಧ್ರುವೀಕರಣವನ್ನು ಕುರಿತು ಅಪೂರ್ವ ಸಂಶೋಧನೆ ನಡೆಸಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಪಂಚರತ್ನಂ ಅವರೂ ಸ್ಫಟಿಕವಿಜ್ಞಾನಿ ರಾಮಶೇಷನ್ ಅವರೂ ರಾಮನ್ನರ ಸೋದರಳಿಯಂದಿರು. ಒಂದೇ ಮನೆತನದ ಐವರು ವಿಜ್ಞಾನಿಗಳು ಸೂಚಿಯಲ್ಲಿ ಐದು ಕಡೆ ಚದುರಿಹೋಗಿದ್ದಾರೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ ನಮ್ಮಲ್ಲುಂಟಷ್ಟೆ? ರಾಮನ್ನರ ತಂದೆಯ ಹೆಸರು ಚಂದ್ರಶೇಖರ. ಅದು ಮಗನ ಹೆಸರಿನ ಮೊದಲಲ್ಲಿ 'ಸಿ' ಎಂಬ ಒಂದಕ್ಷರವಾಗಿ ನಿಂತಿದೆ; ಮೊಮ್ಮಗನ ಹೆಸರಿನ ಕೊನೆಯಲ್ಲಿ ಪೂರ್ಣವಾಗಿ ಬೆಳಗಿದೆ. ನೆಂಟಸ್ತನವನ್ನು ಸಾರುವ ಆ ಪದ ಹೆಸರುಗಳೊಳಗೇ ಇದ್ದರೂ ಸೂಚಿಯ ಕಣ್ಣಿಗೆ ಬೀಳುವುದಿಲ್ಲ.

ಅದು ಸಾಲದೆಂಬಂತೆ ಇನ್ನೊಂದು ತೊಡಕು. 'ಚಂದ್ರಶೇಖರ್, ಎಸ್.' ಎಂದು ಹುಡುಕಿದವನಿಗೆ ಸಿಗುವುದು ಖಭೌತವಿಜ್ಞಾನಿ ಒಬ್ಬರೇ ಅಲ್ಲ. 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯಲ್ಲಿ ತಟ್ಟೆಯಾಕಾರದ ಅಣುಗಳ ದ್ರವಸ್ಫಟಿಕಗಳನ್ನು ತಮ್ಮ ಸಹೋದ್ಯೋಗಿಗಳೊಡನೆ ಕಂಡುಹಿಡಿದ ಶಿವರಾಮಕೃಷ್ಣ ಚಂದ್ರಶೇಖರ್ ಇದ್ದಾರೆ. ಇವರೂ ರಾಮನ್ನರ ಬಂಧುವೇ. ಜನಸಂಖ್ಯಾಶಾಸ್ತ್ರಜ್ಞರಾಗಿ ಕೇಂದ್ರದಲ್ಲಿ ಸಚಿವರೂ ಆಗಿದ್ದ ಶ್ರೀಪತಿ ಚಂದ್ರಶೇಖರ್ ಇದ್ದಾರೆ. ಇವರಿಗೂ ಆ ಮನೆತನಕ್ಕೂ ಸಂಬಂಧವಿಲ್ಲ. ನಕ್ಷತ್ರಗಳ ಅಂತ್ಯ, ದ್ರವಸ್ಫಟಿಕ, ಕುಟುಂಬಯೋಜನೆ, ಈ ಮೂರೂ ಒಂದೇ ಹೆಸರಿನ ಕೆಳಗೆ ಸಾಲುಗಟ್ಟಿದರೆ ಓದುಗ ಯಾವ ಮಹಾಪುರುಷನನ್ನು ಕಲ್ಪಿಸಿಕೊಳ್ಳಬೇಕು!

ಇದಕ್ಕೆ ತದ್ವಿರುದ್ಧವಾದ ಉದಾಹರಣೆ 'ರಾವ್'. ರಾಜ ಎಂಬುದರಿಂದ ಬಂದ ಈ ಗೌರವಸೂಚಕವನ್ನು ನಮ್ಮಲ್ಲಿ ಎಷ್ಟೋ ಮನೆಗಳವರು ಹೆಸರಿನ ಕೊನೆಗೆ ಇಟ್ಟುಕೊಳ್ಳುತ್ತಾರೆ. ಸೂಚಿ ಅವರೆಲ್ಲರನ್ನೂ ಒಂದೇ ವಂಶದವರನ್ನಾಗಿ ಮಾಡಿಬಿಟ್ಟಿದೆ. ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್, ರಸಾಯನವಿಜ್ಞಾನಿ ಸಿ. ಎನ್. ಆರ್. ರಾವ್, 1975ರ ಆರ್ಯಭಟ ಉಪಗ್ರಹವನ್ನು ರೂಪಿಸಿದ ಯು. ಆರ್. ರಾವ್, ಅರ್ಥಶಾಸ್ತ್ರಜ್ಞ ವಿ. ಕೆ. ಆರ್. ವಿ. ರಾವ್, ಇವರೆಲ್ಲ ಅಕ್ಕಪಕ್ಕದಲ್ಲೇ ಕುಳಿತಿದ್ದಾರೆ. ಇವರಲ್ಲಿ ಇಬ್ಬರಂತೂ ರಾಮಚಂದ್ರ ರಾಯರೇ. ಒಬ್ಬರು ಬೆಂಗಳೂರಿನಲ್ಲಿ ಹುಟ್ಟಿದವರು, ಇನ್ನೊಬ್ಬರು ಉಡುಪಿಯ ಬಳಿಯ ಅದಮಾರಿನವರು.

ಇವರಲ್ಲಿ ಸಿ. ಆರ್. ರಾವ್ ಅವರ ಹೆಸರನ್ನು ಬಿಡಿಸಿ ನೋಡಬೇಕು. ಕಲ್ಯಂಪುಡಿ ರಾಧಾಕೃಷ್ಣ ರಾವ್ 1920ರಲ್ಲಿ ನಮ್ಮ ಹೂವಿನ ಹಡಗಲಿಯಲ್ಲಿ, ತೆಲುಗು ಮನೆಯೊಂದರಲ್ಲಿ ಹುಟ್ಟಿದರು. ದೇವಕಿಯ ಎಂಟನೆಯ ಮಗನಂತೆ ತಾವೂ ಎಂಟನೆಯ ಮಗುವಾದ್ದರಿಂದ ಕೃಷ್ಣನ ಹೆಸರು. ಕಲ್ಯಂಪುಡಿ ಎಂಬುದು ಮನೆತನದ ಹೆಸರು. ಅದು 'ಸಿ' ಎಂದು ಮುದುಡಿ ಮೂಲೆ ಸೇರಿತು. ಅವರು 1945ರಲ್ಲಿ ಕಲ್ಕತ್ತೆಯ ಗಣಿತ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ ಒಂದೇ ಲೇಖನದಿಂದ ಕ್ರಾಮರ್–ರಾವ್ ಮಿತಿಯೂ ರಾವ್–ಬ್ಲ್ಯಾಕ್‌ವೆಲ್ ಪ್ರಮೇಯವೂ ಪಠ್ಯಪುಸ್ತಕಗಳನ್ನು ಸೇರಿದವು. 2023ರಲ್ಲಿ ತೀರಿಕೊಂಡ ಆ ಹಿರಿಯರ ನಿಜವಾದ ಕುಲನಾಮವನ್ನು ಆ ಪ್ರಮೇಯ ಓದುವ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಬಲ್ಲರು?

ಕುಲನಾಮ ಎಲ್ಲೆಡೆಯೂ ದಾರಿ ತಪ್ಪಿಸುತ್ತದೆಂದು ಹೇಳಿದರೆ ಅನ್ಯಾಯವಾದೀತು. ಕೋಟದ ಶಿವರಾಮ ಕಾರಂತರು ಯಕ್ಷಗಾನವನ್ನು ಕುರಿತು ಶೋಧ ನಡೆಸಿದರು. ಮಕ್ಕಳಿಗಾಗಿ, ದೊಡ್ಡವರಿಗಾಗಿ ವಿಜ್ಞಾನ ಬರೆದರು. ಮಗ ಉಲ್ಲಾಸ ಕಾರಂತರು ನಾಗರಹೊಳೆಯ ಹುಲಿಗಳನ್ನು ಅಭ್ಯಾಸ ಮಾಡಿದರು. ಮೊಮ್ಮಗಳು ಕೃತಿ ಕಾರಂತ ವನ್ಯಜೀವಿ ಸಂರಕ್ಷಣೆಯ ವಿಜ್ಞಾನಿ. ಮೂರು ತಲೆಮಾರು ಒಂದೇ ಪದದ ಕೆಳಗೆ ದೊರೆಯುತ್ತದೆ. ಆದರೆ ಅದೇ ಪದದ ಕೆಳಗೆ ಬಾಬುಕೋಡಿಯ ಬಿ. ವಿ. ಕಾರಂತರೂ ಇದ್ದಾರೆ. 1975ರ 'ಚೋಮನ ದುಡಿ' ಚಿತ್ರದ ದಾಖಲೆಯಲ್ಲಿ ಕಾದಂಬರಿಕಾರರೂ ಕಾರಂತರು, ನಿರ್ದೇಶಕರೂ ಕಾರಂತರು. ದೂರದೇಶದ ಸಂಶೋಧಕನೊಬ್ಬ ಇವರನ್ನು ಅಣ್ಣತಮ್ಮಂದಿರೆಂದು ಬಗೆದರೆ ಆಶ್ಚರ್ಯಪಡಬೇಕಾಗಿಲ್ಲ. ಅತ್ತ ಮಲೆನಾಡಿನಲ್ಲಿ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರ ಮಗ ಕೆ. ಪಿ. ಪೂರ್ಣಚಂದ್ರ ತೇಜಸ್ವಿ, ಒಬ್ಬರು 'ಪ' ಅಕ್ಷರದಲ್ಲಿ, ಇನ್ನೊಬ್ಬರು 'ತ' ಅಕ್ಷರದಲ್ಲಿ. ತಂದೆ ಮಗನನ್ನು ಕೂಡಿಸುವುದು ಕೊನೆಯ ಪದವಲ್ಲ, ಮೊದಲಿಗಿರುವ ಊರು.

ಇಷ್ಟರವರೆಗೆ ಹೇಳಿದ್ದು ಗಂಡಸರ ಹೆಸರಿನ ಗೊಂದಲ. ಹೆಂಗಸರ ವಿಷಯದಲ್ಲಿ ಇದು ಗೊಂದಲವಾಗಿ ನಿಲ್ಲದೆ ನಷ್ಟವಾಗುತ್ತದೆ. ಕಮಲಾ ಭಾಗವತ್ ಅವರ ತಂದೆಯೂ ಚಿಕ್ಕಪ್ಪ ದೊಡ್ಡಪ್ಪಂದಿರಲ್ಲಿ ಒಬ್ಬರೂ ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಯಲ್ಲಿ ಓದಿದ ರಸಾಯನವಿಜ್ಞಾನಿಗಳು. 1933ರಲ್ಲಿ ಆಕೆ ಅದೇ ಸಂಸ್ಥೆಗೆ ಬಂದಾಗ, ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕ ರಾಮನ್ನರು ಮೊದಲು ಒಲ್ಲೆನೆಂದರು. ಆಕೆ ಪಟ್ಟು ಬಿಡದಿದ್ದುದರಿಂದ ಷರತ್ತುಗಳ ಮೇಲೆ ಸೇರಿಸಿಕೊಂಡರು. 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದಾಗಲೂ ಆಕೆ ಭಾಗವತ್. 1947ರಲ್ಲಿ ಮದುವೆಯಾಗಿ ಕಮಲಾ ಸೋಹೋನಿ ಆದರು. ನೀರಾ ಮುಂತಾದ ಆಹಾರಗಳ ಪೌಷ್ಟಿಕತೆಯನ್ನು ಕುರಿತ ಕೆಲಸ ಆ ಹೆಸರಿನಲ್ಲಿದೆ. ಹುಡುಗಿಯಾಗಿ ಬಾಗಿಲು ತೆರೆಸಿದವಳೂ ಪ್ರಾಧ್ಯಾಪಕಿಯಾಗಿ ದುಡಿದವಳೂ ಸೂಚಿಯ ಲೆಕ್ಕದಲ್ಲಿ ಇಬ್ಬರು. ಸಹೋದರಿ ದುರ್ಗಾ ಭಾಗವತ್, ಮರಾಠಿಯ ಪ್ರಸಿದ್ಧ ಲೇಖಕಿ, ಹುಟ್ಟುಹೆಸರಿನಲ್ಲೇ ಉಳಿದರು. ಆದರೂ ಇಂಗ್ಲಿಷಿನಲ್ಲಿ ಒಬ್ಬರ ಹೆಸರಿನ ವಕಾರಕ್ಕೆ 'ವಿ' ಅಕ್ಷರ, ಮತ್ತೊಬ್ಬರದಕ್ಕೆ 'ಡಬ್ಲ್ಯು' ಬಳಕೆಗೆ ಬಂದು ಅಕ್ಕತಂಗಿಯರು ಅಲ್ಲಿಯೂ ಅಗಲಿದ್ದಾರೆ.

ಈ ತೊಂದರೆಗೆ ಪರಿಹಾರ ಹುಡುಕಿದವರುಂಟು. 2012ರಿಂದ ಆರ್ಕಿಡ್ ಎಂಬ ವ್ಯವಸ್ಥೆಯಲ್ಲಿ ಪ್ರತಿಯೊಬ್ಬ ಸಂಶೋಧಕನಿಗೂ 16 ಸ್ಥಾನಗಳ ಒಂದು ಸಂಖ್ಯೆ ದೊರೆಯುತ್ತದೆ. ಹೆಸರು ಬದಲಾದರೂ ಸಂಖ್ಯೆ ಬದಲಾಗದು. ಬದುಕಿರುವವರಿಗೆ ಇದು ಒಳ್ಳೆಯ ಉಪಾಯ. ತೀರಿಕೊಂಡವರು ಸಂಖ್ಯೆ ಪಡೆಯಲು ಬರಲಾರರಲ್ಲ! ನನಗೆ ಇದಕ್ಕಿಂತ ಹಿಡಿಸಿದ್ದು ಗಣಿತಜ್ಞರು ಕಟ್ಟಿಕೊಂಡಿರುವ ವಂಶಾವಳಿ. ಅದರಲ್ಲಿ ತಂದೆಯ ಸ್ಥಾನದಲ್ಲಿ ಮಾರ್ಗದರ್ಶಕ ಗುರು, ಮಕ್ಕಳ ಸ್ಥಾನದಲ್ಲಿ ಶಿಷ್ಯರು. ಅಲ್ಲಿ ಸಿ. ಆರ್. ರಾಯರ ಹಿರಿಯರು ಕೇಂಬ್ರಿಜ್‌ನ ರೊನಾಲ್ಡ್ ಫಿಶರ್. ಅವರ ಪೀಳಿಗೆಯಲ್ಲಿ 2007ರ ಏಬೆಲ್ ಪಾರಿತೋಷಕ ಪಡೆದ ಎಸ್. ಆರ್. ಎಸ್. ವರದನ್. ಮೂವರ ಹೆಸರಿನಲ್ಲಿ ಒಂದು ಪದವೂ ಸಮಾನವಿಲ್ಲ. ಆದರೂ ಈ ನೆಂಟಸ್ತನವನ್ನು ಯಾರೂ ಅಲ್ಲಗಳೆಯಲಾರರು.

ಕಡೆಯದಾಗಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಕುಲನಾಮವನ್ನು ಹುಡುಕುವ ಕೈ ಎಷ್ಟೋ ಸಲ ಕುಲವನ್ನೇ ಹುಡುಕುತ್ತಿರುತ್ತದೆ. ನಮ್ಮವರು ಇಷ್ಟು ಮಂದಿ ವಿದ್ವಾಂಸರೆಂದು ಎಣಿಸಿ ಬೀಗುವವನ ಬದಿಯಲ್ಲೇ, ತನ್ನ ಮನೆಯ ಹೆಸರನ್ನು ಹುಡುಕಿ ಒಂದನ್ನೂ ಕಾಣದ ಹುಡುಗನೂ ಇದ್ದಾನು. ಆ ಜಾಗ ಖಾಲಿಯಾಗಿರುವುದಕ್ಕೆ ಕಾರಣ ಅವನ ಹಿರಿಯರಲ್ಲಿ ಬುದ್ಧಿ ಇಲ್ಲದಿದ್ದುದಲ್ಲ. ಅವರ ಪಾಲಿಗೆ ಶಾಲೆಯ ಬಾಗಿಲು ತೆರೆಯದಿದ್ದುದು. ಜಾತಿ ತಿಳಿಯಬಾರದೆಂದು ಕೊನೆಯ ಪದವನ್ನೇ ಕೈಬಿಟ್ಟವರೂ ನಮ್ಮಲ್ಲಿದ್ದಾರೆ. ಇವರೆಲ್ಲರನ್ನೂ ಕಾಣಬೇಕಾದರೆ ಹುಡುಕುವ ಕ್ರಮವನ್ನೇ ಬದಲಿಸಬೇಕು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಶೋಧಗಂಗೆಯಲ್ಲಿ ದೇಶದ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳು ಅಪಾರವಾಗಿ ಸೇರಿವೆ. ಅವುಗಳಲ್ಲಿ ಕೃತಜ್ಞತೆಯ ಪುಟವೊಂದಿರುತ್ತದೆ. ಓದಿಸಿದ ತಾಯಿ, ತಿದ್ದಿದ ಗುರು, ಹಾಸ್ಟೆಲಿನ ಗೆಳೆಯರು, ಪುಸ್ತಕ ತೆಗೆದುಕೊಟ್ಟ ಗ್ರಂಥಪಾಲಕ, ಇವರ ಹೆಸರುಗಳನ್ನು ಸಾಮಾನ್ಯವಾಗಿ ಅಲ್ಲಿ ಕಾಣಬಹುದು. ಮುಖಪುಟದ ಹೆಸರಿಗಿಂತ ಆ ಪುಟವೇ ಮನುಷ್ಯನನ್ನು ಚೆನ್ನಾಗಿ ಪರಿಚಯಿಸುತ್ತದೆ.

ಆದ್ದರಿಂದ ಇಂದು ಪ್ರಬಂಧ ಬರೆಯುತ್ತಿರುವ ತರುಣ ತರುಣಿಯರಲ್ಲಿ ನನ್ನದೊಂದು ವಿನಂತಿ. ನಿಮ್ಮ ಹೆಸರನ್ನು ಅಕ್ಷರಗಳಿಗೆ ಇಳಿಸದೆ ಪೂರ್ತಿಯಾಗಿ ಬರೆಯಿರಿ. ನಿಮ್ಮ ಊರನ್ನೂ ಗುರುಗಳನ್ನೂ ಹೆಸರಿಸಿರಿ; ಹೆಸರು ಬದಲಾಗಿದ್ದರೆ ಹಳೆಯದನ್ನೂ ಕಾಣಿಸಿರಿ. ಮುಂದೊಂದು ದಿನ ನಿಮ್ಮನ್ನು ಹುಡುಕಿಕೊಂಡು ಬರುವವರು ನಿಮ್ಮ ಕುಲದವರೇ ಆಗಿರಬೇಕೆಂದೇನೂ ಇಲ್ಲ.